60 ಸಾವಿರದ ಸರ್ವರ್ ತಂದರೆ ತಂಬೂರಿ ಚೆನ್ನಾಗಿ ಕೇಳುತ್ತದಾ?

ಮಾಳಮಡ್ಡಿ ಕಾಕಾ:

ಎಲ್ಲರಿಗೂ ನಮಸ್ಕಾರ. ಧಾರವಾಡದಿಂದ ಬರೆಯುತ್ತಿದ್ದೇನೆ. ರಿಟೈರ್ ಆಗಿ ಮೂರು ವರ್ಷ ಆಯಿತು. ಹಾಡು ಕೇಳುವುದೊಂದು ಬಿಟ್ಟರೆ ಬೇರೆ ಚಟ ಇಲ್ಲ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಬೇಜಾರಾಗಬೇಡಿ.

ನನ್ನ ಹತ್ತಿರ 2013ರಲ್ಲಿ ಕೂಡಿಸಿದ ಡೆಸ್ಕ್‌ಟಾಪ್ ಒಂದಿದೆ. ಮಗ ಓದುವಾಗ ತಂದಿದ್ದು. ಅವನು ಪುಣೆಗೆ ಹೋದ ಮೇಲೆ ಅದೇ ನನ್ನ ಹಾಡಿನ ಪೆಟ್ಟಿಗೆ. ಸಿಡಿಗಳಿಂದ ತೆಗೆದ, ಗುಣಮಟ್ಟ ಕಳೆಯದೆ ಕುಗ್ಗಿಸಿದ ಫ್ಲ್ಯಾಕ್ ಫೈಲುಗಳಿವೆ, ಹಳೇ ಕ್ಯಾಸೆಟ್‌ಗಳಿಂದ ಇಳಿಸಿಕೊಂಡ 300 ಗಂಟೆಯಷ್ಟು ಸಂಗೀತ ಇದೆ. ಮಲ್ಲಿಕಾರ್ಜುನ ಮನ್ಸೂರರು, ಗಂಗೂಬಾಯಿ ಹಾನಗಲ್ಲರು, ಬಸವರಾಜ ರಾಜಗುರುಗಳು, ಭೀಮಸೇನ ಜೋಶಿಯವರು. ನಮ್ಮ ಕಡೆಯ ಮನೆಗಳಲ್ಲಿ ಇರುವುದೇ. ಕಂಪ್ಯೂಟರಿನಿಂದ ಯುಎಸ್‌ಬಿ ವೈರಿನಲ್ಲಿ ಡ್ಯಾಕ್‌ಗೆ (ಸಂಖ್ಯೆಗಳನ್ನು ನಾದವಾಗಿಸುವ ಡಬ್ಬಿ), ಅಲ್ಲಿಂದ ಆಂಪ್ಲಿಫೈಯರ್‌ಗೆ, ಅಲ್ಲಿಂದ ಎರಡು ಸಣ್ಣ ಸ್ಪೀಕರ್‌ಗಳಿಗೆ. ಇಷ್ಟೇ ನನ್ನ ಸಂಸಾರ.

ಹೋದ ತಿಂಗಳು ದೊಡ್ಡ ಊರಿನ ಆಡಿಯೋ ಅಂಗಡಿಯೊಂದಕ್ಕೆ ಹೋಗಿದ್ದೆ. "ಸರ್, ನಿಮ್ಮ ಸ್ಪೀಕರ್ ಸರಿ ಇದೆ, ಡ್ಯಾಕ್ ಸರಿ ಇದೆ. ಬುಡವೇ ಸರಿ ಇಲ್ಲ. ಆ ಹಳೇ ಕಂಪ್ಯೂಟರ್ ತೆಗೆದು ಮ್ಯೂಸಿಕ್ ಸರ್ವರ್ ಹಾಕಿ" ಅಂದರು. ಹಾಡು ಹಚ್ಚುವುದಕ್ಕೆಂದೇ ಮಾಡಿದ ಕಂಪ್ಯೂಟರ್ ಅದು. ಫ್ಯಾನ್ ಇಲ್ಲ, ತಿರುಗುವ ಡಿಸ್ಕ್ ಬದಲು ಚಿಪ್ಪಿನ ಎಸ್‌ಎಸ್‌ಡಿ, ಗದ್ದಲ ಕಡಿಮೆ ಇರುವ ಲೀನಿಯರ್ ಪವರ್ ಸಪ್ಲೈ, 60 ಸಾವಿರ ರೂಪಾಯಿ. ಅಲ್ಲೇ ಕೂರಿಸಿ ಕೇಳಿಸಿದರು. ಮಸ್ತ್ ಇತ್ತು. ತಂಬೂರಿಯ ನಾಲ್ಕೂ ತಂತಿ ಬೇರೆ ಬೇರೆಯಾಗಿ ಎಣಿಸುವ ಹಾಗಿತ್ತು. ಹದಿನೈದು ದಿನ ಮನೆಯಲ್ಲಿಟ್ಟು ನೋಡಿ, ಬೇಡ ಅಂದರೆ ವಾಪಸ್ ತನ್ನಿ ಎಂದು ಕೊಟ್ಟು ಕಳಿಸಿದ್ದಾರೆ.

ಮನೆಯಲ್ಲಿ ಹಾಕಿದೆ. ನನಗಂತೂ ಸುಧಾರಿಸಿದೆ ಅನಿಸುತ್ತದೆ. ಧ್ವನಿ ತುಂಬಿಕೊಂಡು ಬರುತ್ತದೆ, ಹಿಂದೆ ಗದ್ದಲ ಕಡಿಮೆ. ಮನೆಯವಳು ಮಾತ್ರ ಕೇಳಿ, "ನನಗೇನೂ ಫರಕ್ ಗೊತ್ತಾಗಲಿಲ್ಲ, ಚಹಾ ಇಡಲಾ?" ಅಂದಳು. ಆರು ದಿನ ಕಳೆದಿದೆ. ಇಟ್ಟುಕೊಳ್ಳಲೋ ವಾಪಸ್ ಕೊಡಲೋ?

ಕೇಶ್ವಾಪುರ ಕೋಡರ್:

ಕಾಕಾ, ವಾಪಸ್ ಕೊಡಿ.

ಲೆಕ್ಕ ಹೇಳುತ್ತೇನೆ. ಸಿಡಿಯಲ್ಲಿ ಒಂದು ಸೆಕೆಂಡಿಗೆ ಧ್ವನಿಯ 44,100 ಮಾದರಿ (ಸ್ಯಾಂಪಲ್), ಒಂದೊಂದಕ್ಕೆ 16 ಬಿಟ್, ಎಡ ಬಲ ಎರಡು ಕಡೆ. ಗುಣಿಸಿದರೆ ಸೆಕೆಂಡಿಗೆ 14 ಲಕ್ಷ 11 ಸಾವಿರ ಚಿಲ್ಲರೆ ಬಿಟ್. ನಿಮ್ಮ ಯುಎಸ್‌ಬಿ 2.0 ವೈರಿನ ಅಳತೆ ಸೆಕೆಂಡಿಗೆ 48 ಕೋಟಿ ಬಿಟ್. ಅಂದರೆ ಉಣಕಲ್ ಕೆರೆಯ ತೂಬಿನಲ್ಲಿ ಒಂದು ತಂಬಿಗೆ ನೀರು ಬಿಟ್ಟ ಹಾಗೆ. 2013ರ ಕಂಪ್ಯೂಟರ್ ಈ ಕೆಲಸವನ್ನು ನಿದ್ದೆಗಣ್ಣಲ್ಲಿ ಮಾಡುತ್ತದೆ.

ಫ್ಲ್ಯಾಕ್ ಬಂದಿದ್ದು 2001ರಲ್ಲಿ. ಅದು ಜಿಪ್ ಇದ್ದ ಹಾಗೆ. ಬಿಚ್ಚಿದರೆ ಮೊದಲಿದ್ದ ಸಂಖ್ಯೆಗಳೇ ಬರುತ್ತವೆ, ಒಂದು ಬಿಟ್ ಆಚೀಚೆ ಆಗುವುದಿಲ್ಲ. ಸರಿಯಾಗಿ ಬಿಚ್ಚಿದೆಯಾ ಎಂದು ತಾಳೆ ನೋಡಲು ಫೈಲಿನೊಳಗೇ ಒಂದು ಗುರುತು ಬರೆದಿರುತ್ತದೆ. ಹಾರ್ಡ್ ಡಿಸ್ಕಿನಿಂದ ಓದಿದರೂ ಎಸ್‌ಎಸ್‌ಡಿಯಿಂದ ಓದಿದರೂ ಆ ಗುರುತು ಒಂದೇ. ಮನಿ ಆರ್ಡರ್ ತರುವ ಪೋಸ್ಟ್‌ಮ್ಯಾನ್ ಸೈಕಲ್ ಮೇಲೆ ಬಂದರೂ ಬುಲೆಟ್ ಮೇಲೆ ಬಂದರೂ 500 ರೂಪಾಯಿ 500 ರೂಪಾಯಿಯೇ ಅಲ್ವಾ?

ರಾಣೆಬೆನ್ನೂರು ಆಂಪ್:

ಕೋಡರ್ ಸಾಹೇಬರೇ, ಪೋಸ್ಟ್‌ಮ್ಯಾನ್ ಕೈ ಕೆಸರಾಗಿದ್ದರೆ ನೋಟಿಗೂ ಕೆಸರು ಹತ್ತುತ್ತದೆ. ಅದರ ಬಗ್ಗೆ ಏನು ಹೇಳುತ್ತೀರಿ?

ನಾನು ಇಪ್ಪತ್ತು ವರ್ಷದಿಂದ ಆಂಪ್ಲಿಫೈಯರ್ ಕಟ್ಟುತ್ತಿದ್ದೇನೆ. ಯುಎಸ್‌ಬಿ ವೈರಿನಲ್ಲಿ ಬರೀ ಸಂಖ್ಯೆ ಹೋಗುವುದಿಲ್ಲ. 5 ವೋಲ್ಟ್ ಕರೆಂಟ್ ಹೋಗುತ್ತದೆ, ಗ್ರೌಂಡ್ ತಂತಿ ಹೋಗುತ್ತದೆ. ಕಂಪ್ಯೂಟರಿನ ಪವರ್ ಸಪ್ಲೈ, ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎಲ್ಲದರ ಚಿರಿಚಿರಿ ಆ ಗ್ರೌಂಡ್ ಹಿಡಿದು ಡ್ಯಾಕ್‌ಗೆ ಬರಬಹುದು. ಮದರ್‌ಬೋರ್ಡಿನ ತೂತಿಗೆ ನೇರವಾಗಿ ಹೆಡ್‌ಫೋನ್ ಚುಚ್ಚಿ ಕೇಳಿ. ಮೌಸ್ ಅಲ್ಲಾಡಿಸಿದರೆ ಕಿಂಯ್ ಕಿಂಯ್ ಅನ್ನುವುದು ಎಷ್ಟೋ ಕಂಪ್ಯೂಟರಿನಲ್ಲಿ ಕೇಳುತ್ತದೆ. ಅದು ಸುಳ್ಳಾ?

ಇನ್ನೊಂದು ಜಿಟರ್. ಸಂಖ್ಯೆ ಸರಿ ಇದ್ದರೆ ಸಾಲದು. ಸರಿಯಾದ ಹೊತ್ತಿಗೆ ಬರಬೇಕು. ತಬಲಾದವನಿಗೆ ಬೋಲು ಬಾಯಿಪಾಠ ಇದ್ದು ಲಯ ತಪ್ಪಿದರೆ ಏನು ಪ್ರಯೋಜನ?

ಕೇಶ್ವಾಪುರ ಕೋಡರ್:

ಮೌಸಿನ ಕಿಂಯ್ ನಿಜ, ಒಪ್ಪಿದೆ. ಆದರೆ ಕಾಕಾ ಮದರ್‌ಬೋರ್ಡಿನಿಂದ ಕೇಳುತ್ತಿಲ್ಲ. ಹೊರಗೆ ಡ್ಯಾಕ್ ಇಟ್ಟಿದ್ದಾರೆ. ಆ ತೊಂದರೆಯ ಮುಕ್ಕಾಲು ಪಾಲು ಅಲ್ಲೇ ಮುಗಿಯಿತು.

ಜಿಟರ್ ಬಗ್ಗೆ ನೀವು ಹೇಳುವುದು ಹಳೇ ಕಾಲದ ಡ್ಯಾಕ್‌ಗಳಿಗೆ ಸರಿ. ಆಗ ಕಂಪ್ಯೂಟರ್ ಓಡಿಸಿದ ಗಡಿಯಾರವನ್ನೇ ಡ್ಯಾಕ್ ಹಿಂಬಾಲಿಸಬೇಕಿತ್ತು. ಕೋಯಾಕ್ಸಿಯಲ್, ಆಪ್ಟಿಕಲ್ ವೈರಿನಲ್ಲಿ ಇವತ್ತಿಗೂ ಹೊತ್ತು ಹೇಳುವುದು ಕಳಿಸುವವನೇ. ಈಗಿನ ಯುಎಸ್‌ಬಿ ಡ್ಯಾಕ್‌ಗಳು ಅಸಿಂಕ್ರೊನಸ್. ಗಡಿಯಾರ ಡ್ಯಾಕ್‌ನೊಳಗೇ ಇರುತ್ತದೆ. ಅದು ಒಂದಿಷ್ಟು ಮಾದರಿಗಳನ್ನು ಮುಂಚೆಯೇ ತರಿಸಿ ಕೂಡಿಟ್ಟುಕೊಂಡು, ತನ್ನ ಲಯದಲ್ಲಿ ಬಿಡುತ್ತದೆ. ಸಾಲದಿದ್ದರೆ ಕಂಪ್ಯೂಟರಿಗೆ "ಇನ್ನಷ್ಟು ಕಳಿಸು" ಅನ್ನುತ್ತದೆ. ಇಲ್ಲಿ ತಬಲಾದವ ಡ್ಯಾಕ್. ಕಂಪ್ಯೂಟರ್ ಹಿಂದೆ ಕೂತು ಪುಟ ತಿರುವಿಕೊಡುವ ಹುಡುಗ.

ಕಾಕಾ, ನಿಮ್ಮ ಡ್ಯಾಕ್ ಯಾವ ತರದ್ದು?

ಮಾಳಮಡ್ಡಿ ಕಾಕಾ:

ಪುಸ್ತಕದಲ್ಲಿ ಅಸಿಂಕ್ರೊನಸ್ ಅಂತಲೇ ಇದೆ. ನಾಲ್ಕು ವರ್ಷದ ಹಿಂದೆ ತಂದಿದ್ದು.

ಸಪ್ತಾಪುರ ತಂಬೂರಿ:

ನಾನು ಸಂಗೀತ ಕಲಿಸುವವಳು, ಕಂಪ್ಯೂಟರ್ ನನಗೆ ದೂರ. ಆದರೂ ಒಂದು ಮಾತು.

ತಂಬೂರಿಯ ಕುದುರೆಯ (ತಂತಿಗಳು ಕೂರುವ ಪಟ್ಟಿ) ಮೇಲೆ ತಂತಿಯ ಕೆಳಗೆ ಒಂದು ಹತ್ತಿಯ ದಾರ ಇಡುತ್ತೇವೆ. ಆ ದಾರವನ್ನು ಕೂದಲೆಳೆಯಷ್ಟು ಸರಿಸಿದರೆ ಜವಾರಿ, ಅಂದರೆ ತಂತಿಯ ಝೇಂಕಾರ, ತೆರೆದುಕೊಳ್ಳುತ್ತದೆ, ಇನ್ನೊಂದು ಕೂದಲೆಳೆ ಸರಿಸಿದರೆ ಮುಚ್ಚಿಹೋಗುತ್ತದೆ. ಹೊಸ ಮಕ್ಕಳಿಗೆ ಆ ವ್ಯತ್ಯಾಸ ಕೇಳುವುದೇ ಇಲ್ಲ. ಎರಡು ವರ್ಷ ಕಲಿತ ಮೇಲೆ ಕೇಳುತ್ತದೆ. ಮಿರಜದಲ್ಲಿ ತಂಬೂರಿ ಮಾಡುವವರು ಮನೆತನವೇ ಕೂತು ಆ ಕುದುರೆಯನ್ನು ಒರೆಸಿ ಒರೆಸಿ ತಿದ್ದುತ್ತಾರೆ. ಹಾಗಿರುವಾಗ ಒಂದು ಪೆಟ್ಟಿಗೆ ಬದಲಿಸಿದರೆ ಏನೂ ಆಗುವುದಿಲ್ಲ ಎಂದು ಲೆಕ್ಕ ಹಾಕಿ ಹೇಳಿಬಿಡಬಹುದಾ? ಕೇಳಿ ನೋಡಬೇಕಲ್ಲವಾ?

ಕೇಶ್ವಾಪುರ ಕೋಡರ್:

ಮೇಡಂ, ಆ ದಾರ ತಂತಿಯನ್ನೇ ಮುಟ್ಟುತ್ತದೆ. ತಂತಿ ಗಾಳಿಯನ್ನು ಅಲ್ಲಾಡಿಸುತ್ತದೆ. ಸರ್ವರ್ ಯಾವುದನ್ನೂ ಅಲ್ಲಾಡಿಸುವುದಿಲ್ಲ. ಆದರೆ ಕೇಳಿ ನೋಡಬೇಕು ಅಂದಿರಲ್ಲ, ಅದು ಪಕ್ಕಾ. ಕಣ್ಣು ಮುಚ್ಚಿ ಕೇಳಬೇಕು, ಅಷ್ಟೇ.

ಹಾವೇರಿ ಏಲಕ್ಕಿ:

ಸರ್ವರ್ ಗಿರ್ವರ್ ಯಾಕ್ರೀ, ಮೊಬೈಲಿನಲ್ಲಿ ಯೂಟ್ಯೂಬ್ ಹಚ್ಚಿದರೆ ಮುಗೀತು. 60 ಸಾವಿರಕ್ಕೆ ಒಂದು ಎಮ್ಮೆ ಬರುತ್ತದೆ.

ಗೋಕುಲ ರೋಡ್ ವೈರ್‌ಮನ್:

ಎಮ್ಮೆ ವಿಚಾರ ಆಮೇಲೆ. ಕಾಕಾ, ನೀವು ಬರೆದ ಒಂದು ಮಾತು ಎಲ್ಲರೂ ದಾಟಿಕೊಂಡು ಹೋದರು. "ಹಿಂದೆ ಗದ್ದಲ ಕಡಿಮೆ" ಅಂದಿರಿ. ಹಳೇ ಕಂಪ್ಯೂಟರ್ ಇದ್ದಾಗ, ಹಾಡು ನಿಲ್ಲಿಸಿ ಸ್ಪೀಕರಿಗೆ ಕಿವಿ ಹಚ್ಚಿದರೆ ಗುಂಯ್ ಅಂತ ಬರುತ್ತದಾ? ಆಂಪ್ಲಿಫೈಯರ್‌ಗೆ ಬೇರೆ ಏನೇನು ಜೋಡಿಸಿದ್ದೀರಿ? ಟಿವಿ ಇದೆಯಾ? ಅದಕ್ಕೆ ಕೇಬಲ್ ವೈರ್ ಬಂದಿದೆಯಾ?

ಮಾಳಮಡ್ಡಿ ಕಾಕಾ:

ಹೌದ್ರೀ, ಗುಂಯ್ ಅನ್ನುತ್ತದೆ. ರಾತ್ರಿ ಜಾಸ್ತಿ ಗೊತ್ತಾಗುತ್ತದೆ. ಟಿವಿಯ ಧ್ವನಿಯೂ ಅದೇ ಆಂಪ್ಲಿಫೈಯರ್‌ಗೆ ಕೊಟ್ಟಿದ್ದೇನೆ, ಮನೆಯವಳ ಧಾರಾವಾಹಿಗೆ. ಕೇಬಲ್ ವೈರ್ ಮಾಳಿಗೆಯಿಂದ ಬಂದಿದೆ. ಹೊಸ ಪೆಟ್ಟಿಗೆ ಹಾಕಿದ ಮೇಲೆ ಗುಂಯ್ ಹೋಗಿದೆ! ಅದಕ್ಕೇ ಸುಧಾರಿಸಿದೆ ಅಂದೆ.

ಗೋಕುಲ ರೋಡ್ ವೈರ್‌ಮನ್:

ಸಿಕ್ಕಿತು ನೋಡಿ. ಗ್ರೌಂಡ್ ಲೂಪ್.

ಹಳೇ ಡೆಸ್ಕ್‌ಟಾಪಿಗೆ ಮೂರು ಪಿನ್. ಅದರ ತಗಡಿನ ಮೈಗೆ ನಿಮ್ಮ ಮನೆಯ ಅರ್ಥಿಂಗ್ ಸೇರಿದೆ. ಕೇಬಲ್ ವೈರಿನ ಹೊರಗಿನ ಜಾಳಿಗೆ ಇನ್ನೆಲ್ಲೋ ಕಂಬದ ಹತ್ತಿರ ಅರ್ಥ್ ಆಗಿರುತ್ತದೆ. ಎರಡು ಅರ್ಥಿನ ನಡುವೆ ಸ್ವಲ್ಪ ವೋಲ್ಟೇಜ್ ವ್ಯತ್ಯಾಸ ಇದ್ದೇ ಇರುತ್ತದೆ. ಆಗ ಕಂಪ್ಯೂಟರ್, ಡ್ಯಾಕ್, ಆಂಪ್ಲಿಫೈಯರ್, ಟಿವಿ ಹೀಗೆ ಸುತ್ತು ಹೊಡೆದು ಸಣ್ಣ ಕರೆಂಟ್ ಹರಿಯುತ್ತದೆ. ನಮ್ಮ ಲೈನು 50 ಹರ್ಟ್ಸ್. ಹಾಗಾಗಿ 50, 100, 150 ಹೀಗೆ ಗುಂಯ್ ಕೇಳುತ್ತದೆ. ಹೊಸ ಪೆಟ್ಟಿಗೆಯಲ್ಲಿ ಆ ಸುತ್ತು ಕಡಿದುಹೋಗಿರಬೇಕು. ಅದರಲ್ಲಿ ಸರ್ವರಿನ ಹೆಚ್ಚುಗಾರಿಕೆ ಏನಿಲ್ಲ.

ಇವತ್ತು ರಾತ್ರಿ ಹಳೇ ಕಂಪ್ಯೂಟರ್ ಜೋಡಿಸಿ, ಟಿವಿಯ ಹಿಂದಿನ ಕೇಬಲ್ ವೈರ್ ಕಿತ್ತು ನೋಡಿ. ಗುಂಯ್ ನಿಂತರೆ ನನ್ನ ಮಾತು ಸರಿ.

ಹಾವೇರಿ ಏಲಕ್ಕಿ:

ಅದಕ್ಕೆ ಅಷ್ಟೆಲ್ಲ ಯಾಕೆ, ಕಂಪ್ಯೂಟರಿನ ಮೂರನೇ ಪಿನ್ ಮುರಿದುಬಿಟ್ಟರೆ ಆಯ್ತು. ನಮ್ಮ ಮನೆಯಲ್ಲಿ ಹಾಗೇ ಮಾಡಿದ್ದೇವೆ.

ಗೋಕುಲ ರೋಡ್ ವೈರ್‌ಮನ್:

ತಮ್ಮಾ, ಹಾಗೆ ಬರೆಯಬೇಡ. ಯಾರಾದರೂ ನಿಜವಾಗಿ ಮಾಡಿಬಿಡುತ್ತಾರೆ. ಅರ್ಥ್ ಪಿನ್ ಮುರಿದ ಮಿಕ್ಸರ್ ಮುಟ್ಟಿ ಷಾಕ್ ಹೊಡೆಸಿಕೊಂಡವರ ಮನೆಗೆ ನಾನು ಹೋಗಿ ಬಂದಿದ್ದೇನೆ. ಗುಂಯ್ ಅನ್ನುವುದು ತೊಂದರೆ ಅಷ್ಟೇ, ಅರ್ಥ್ ಇಲ್ಲದ ತಗಡು ಜೀವ ತೆಗೆಯುತ್ತದೆ. ನಿನ್ನ ಮನೆಯದ್ದು ಮೊದಲು ಸರಿ ಮಾಡಿಸು.

ಎಲ್ಲರಿಗೂ ಇನ್ನೊಂದು ಮಾತು. ಹಳೇ ಮನೆಗಳಲ್ಲಿ ಇದ್ದಿಲು, ಉಪ್ಪು ಹಾಕಿ ಹೂತ ಅರ್ಥಿಂಗ್ ಗುಂಡಿ ಇರುತ್ತದೆ. ಏಪ್ರಿಲ್, ಮೇನಲ್ಲಿ ಒಣಗಿ ಕೆಲಸ ಮಾಡುವುದಿಲ್ಲ. ಎರಡು ಕೊಡ ನೀರು ಹಾಕಿ. ಇನ್ವರ್ಟರ್ ಹಳೇ ಸ್ಕ್ವೇರ್ ವೇವ್ ಇದ್ದರೆ ಕರೆಂಟ್ ಹೋದಾಗ ಆಂಪ್ಲಿಫೈಯರಿನ ಟ್ರಾನ್ಸ್‌ಫಾರ್ಮರೇ ಗುರ್ ಅನ್ನುತ್ತದೆ. ಅದಕ್ಕೂ ಸರ್ವರಿಗೂ ಸಂಬಂಧ ಇಲ್ಲ.

ಮಾಳಮಡ್ಡಿ ಕಾಕಾ:

ಕಿತ್ತು ನೋಡಿದೆ. ಗುಂಯ್ ನಿಂತಿತು. ಮನೆಯವಳ ಧಾರಾವಾಹಿಯೂ ನಿಂತಿತು, ಬೈಸಿಕೊಂಡೆ. ವೈರ್‌ಮನ್ ಅವರೇ, ಭಾಳ ಉಪಕಾರ.

ಆದರೂ ನನಗೆ ಗುಂಯ್ ಒಂದೇ ಅಲ್ಲ, ಧ್ವನಿಯೇ ತುಂಬಿ ಬಂದ ಹಾಗೆ ಅನಿಸುತ್ತದೆ. ಭಾನುವಾರ ಯಾರಾದರೂ ಬರುತ್ತೀರಾ? ಗಿರ್ಮಿಟ್ ಮಿರ್ಚಿ ನನ್ನ ಕಡೆಯಿಂದ.

ಗದಗ ಹಳೇ ಟೇಪು:

ಮಿರ್ಚಿ ಅಂದ ಮೇಲೆ ಬರಬೇಕಿತ್ತು, ಈ ವಾರ ಮದುವೆ ಇದೆ. ಓದುತ್ತಿರುತ್ತೇನೆ.

ನನ್ನ ಅಪ್ಪ ಕೇಳುತ್ತಿದ್ದುದು ಧಾರವಾಡ ಆಕಾಶವಾಣಿ. 1950ರಲ್ಲಿ ಶುರುವಾದ ಸ್ಟೇಷನ್. ಮೀಡಿಯಂ ವೇವ್‌ನಲ್ಲಿ ಮುಳ್ಳು 765ಕ್ಕೆ ನಿಲ್ಲಿಸಿದರೆ ಆಯಿತು. ಮೀಡಿಯಂ ವೇವ್‌ನಲ್ಲಿ ಒಂದು ಸ್ಟೇಷನ್ನಿಗೂ ಇನ್ನೊಂದಕ್ಕೂ 9 ಕಿಲೋಹರ್ಟ್ಸ್ ಅಂತರ. ಹಾಗಾಗಿ 4-5 ಕಿಲೋಹರ್ಟ್ಸ್ ದಾಟಿದ ನಾದ ಆ ರೇಡಿಯೋದಲ್ಲಿ ಬರುತ್ತಲೇ ಇರಲಿಲ್ಲ ಅನ್ನಬಹುದು. ಅದರಲ್ಲೇ ಅಪ್ಪ ಇವರು ಕಿರಾನಾ ಘರಾಣೆ, ಇವರು ಜೈಪುರ ಘರಾಣೆ ಎಂದು ಎರಡು ತಾನಿಗೆ ಹೇಳಿಬಿಡುತ್ತಿದ್ದ. ಸುಮ್ನೆ ನೆನಪಾಯಿತು.

ಕೇಶ್ವಾಪುರ ಕೋಡರ್:

ಭಾನುವಾರದ ವರದಿ. ಹೋದವರು ನಾನು, ರಾಣೆಬೆನ್ನೂರು ಆಂಪ್, ಸಪ್ತಾಪುರದ ಮೇಡಂ. ವೈರ್‌ಮನ್ ಮಧ್ಯಾಹ್ನ ಬಂದು ಹೋದರು.

ಮೊದಲು ಹೊಸ ಪೆಟ್ಟಿಗೆಯ ಯುಎಸ್‌ಬಿ ತಗಡಿಗೂ ಪ್ಲಗ್ಗಿನ ಅರ್ಥ್ ಪಿನ್ನಿಗೂ ವೈರ್‌ಮನ್ ಮೀಟರ್ ಹಚ್ಚಿದರು. ಬೀಪ್ ಬರಲಿಲ್ಲ. ಹಳೇ ಡೆಸ್ಕ್‌ಟಾಪಿಗೆ ಹಚ್ಚಿದರೆ ಬೀಪ್. ಅವರು ಹೇಳಿದ್ದೇ ಸರಿ. ಟಿವಿಯ ಧ್ವನಿಯನ್ನು ತಾಮ್ರದ ವೈರ್ ಬಿಟ್ಟು ಆಪ್ಟಿಕಲ್ ವೈರಿನಲ್ಲಿ ಡ್ಯಾಕ್‌ಗೆ ಕೊಟ್ಟೆವು. ಬೆಳಕಿನಲ್ಲಿ ಹೋಗುವುದರಿಂದ ಸುತ್ತು ಕಡಿಯಿತು. ವೈರಿಗೆ 350 ರೂಪಾಯಿ. ಕಾಕಾ ಮನೆಯವರು, ನಮ್ಮ ಕಾಕು, ಅವರ ಧಾರಾವಾಹಿ ವಾಪಸ್ ಬಂತು. ನಮಗೆ ಎರಡನೇ ಸುತ್ತು ಮಿರ್ಚಿ ಸಿಕ್ಕಿದ್ದು ಅದಕ್ಕೇ.

ಆಮೇಲೆ ನನ್ನ ಅನುಮಾನ. ಎರಡೂ ಕಂಪ್ಯೂಟರಿನಿಂದ ಅದೇ 100 ಹರ್ಟ್ಸ್ ನಾದದ ಫೈಲ್ ಹಚ್ಚಿ, ಸ್ಪೀಕರಿನ ಕಡ್ಡಿಗಳಿಗೆ ಮಲ್ಟಿಮೀಟರ್ ಹಿಡಿದೆ. ಆಂಪ್ಲಿಫೈಯರಿನ ವಾಲ್ಯೂಮ್ ಮುಟ್ಟಲಿಲ್ಲ. ಹೊಸ ಪೆಟ್ಟಿಗೆಯಲ್ಲಿ 2.00 ವೋಲ್ಟ್. ಹಳೆಯದರಲ್ಲಿ 1.62. ಅಂದರೆ ಹೊಸದು 1.8 ಡೆಸಿಬೆಲ್ ಜೋರು! ಎರಡರಲ್ಲೂ ಸಂಖ್ಯೆ ಒಂದೇ ಆಗಿದ್ದರೆ ವೋಲ್ಟೂ ಒಂದೇ ಬರಬೇಕು. ಹುಡುಕಿದೆವು. ಹಳೇ ಕಂಪ್ಯೂಟರಿನ ಪ್ಲೇಯರಿನಲ್ಲಿ ಮಗ ಯಾವ ಕಾಲದಲ್ಲೋ ರೀಪ್ಲೇ ಗೇನ್ ಹಾಕಿಟ್ಟಿದ್ದ. ಜೋರಾದ ಹಾಡು, ಮೆಲ್ಲಗಿನ ಹಾಡು ಎಲ್ಲವನ್ನೂ ಒಂದೇ ಮಟ್ಟಕ್ಕೆ ತರುವ ಸೌಲಭ್ಯ ಅದು. ಅದರ ಜೊತೆ ವಿಂಡೋಸ್ ಎಲ್ಲ ಹಾಡನ್ನೂ ಸೆಕೆಂಡಿಗೆ 44.1 ಸಾವಿರ ಮಾದರಿಯಿಂದ 48 ಸಾವಿರಕ್ಕೆ ಬದಲಿಸಿ ಕಳಿಸುತ್ತಿತ್ತು. ಎರಡನ್ನೂ ತೆಗೆದು, ಪ್ಲೇಯರ್ ನೇರವಾಗಿ ಡ್ಯಾಕ್ ಜೊತೆ ಮಾತಾಡುವಂತೆ ವಸಾಪಿ ಎಕ್ಸ್‌ಕ್ಲೂಸಿವ್ ಎನ್ನುವ ಸೆಟ್ಟಿಂಗ್ ಹಾಕಿದೆ. ಈಗ ಎರಡೂ 2.00.

ಅಂಗಡಿಯವರು ಸುಳ್ಳು ಹೇಳಿದರು ಅನ್ನುತ್ತಿಲ್ಲ. ಸ್ವಲ್ಪ ಜೋರಾದದ್ದು ನಮ್ಮ ಕಿವಿಗೆ ಜೋರು ಅನಿಸುವುದಿಲ್ಲ, ಚೆನ್ನಾಗಿದೆ ಅನಿಸುತ್ತದೆ. ಮೆಲ್ಲಗಿದ್ದಾಗ ತಗ್ಗಿನ ಸ್ವರ ಕಿವಿಗೆ ಕಡಿಮೆ ಬೀಳುತ್ತದೆ. ಕಾಕಾ "ತುಂಬಿಕೊಂಡು ಬರುತ್ತದೆ" ಅಂದಿದ್ದು ಬಹುಶಃ ಅದೇ.

ಕೊನೆಗೆ ಪರೀಕ್ಷೆ. ಆಫೀಸಿನಿಂದ ಯುಎಸ್‌ಬಿ ಸ್ವಿಚ್ ಡಬ್ಬಿ ತಂದಿದ್ದೆ, ಎರಡು ಕಂಪ್ಯೂಟರಿಗೆ ಒಂದೇ ಪ್ರಿಂಟರ್ ಹಚ್ಚುತ್ತಾರಲ್ಲ, ಅದು. ಕಾಕಾ ಮನೆಯ ಬಾಡಿಗೆ ಹುಡುಗ ಪರದೆಯ ಹಿಂದೆ ಕೂತು ನಾಣ್ಯ ಚಿಮ್ಮಿ, ರಾಜ ಬಿದ್ದರೆ ಹೊಸದು, ರಾಣಿ ಬಿದ್ದರೆ ಹಳೆಯದು ಎಂದು ಬದಲಿಸಿದ. ಹಳೆಯದರ ಫ್ಯಾನ್ ಸದ್ದಿನಿಂದ ಗುಟ್ಟು ಬಿಡಬಾರದೆಂದು ಎರಡೂ ಯಾವಾಗಲೂ ಚಾಲೂ ಇಟ್ಟೆವು. ಒಬ್ಬೊಬ್ಬರಿಗೆ 16 ಸಲ. ಸುಮ್ಮನೆ ಊಹಿಸಿದರೂ 8 ಸರಿಯಾಗುತ್ತದೆ. 12ಕ್ಕಿಂತ ಕಡಿಮೆ ಬಂದರೆ ಕೇಳಿಸಿತು ಅನ್ನಲು ಬರುವುದಿಲ್ಲ. ಅದೃಷ್ಟದಿಂದಲೇ 12 ಅಥವಾ ಹೆಚ್ಚು ಬರುವ ಸಾಧ್ಯತೆ ನೂರಕ್ಕೆ 4ರಷ್ಟೇ.

ಕಾಕಾ 9. ಮೇಡಂ 7. ಆಂಪ್ ಸಾಹೇಬರು 8. ನಾನು 6, ಮರ್ಯಾದೆ ಹೋಯಿತು.

ರಾಣೆಬೆನ್ನೂರು ಆಂಪ್:

ವರದಿ ಸರಿ ಇದೆ. ನನ್ನ ತಕರಾರು ಬರೆದಿಡುತ್ತೇನೆ. ಆ ಪ್ರಿಂಟರ್ ಡಬ್ಬಿಯೇ ಎರಡಕ್ಕೂ ಒಂದೇ ಕೆಸರು ಬಳಿದಿರಬಹುದು. ಡ್ಯಾಕ್ ಪ್ರತಿ ಸಲ ಎಚ್ಚರಾಗಲು ನಾಲ್ಕು ಸೆಕೆಂಡ್ ಬೇಕಿತ್ತು, ಅಷ್ಟರಲ್ಲಿ ಕಿವಿ ಮರೆಯುತ್ತದೆ. ಆದರೂ ಮುಂಚೆ ನಾನು ಹೇಳುತ್ತಿದ್ದ ಹಾಗೆ "ಯಾರಿಗಾದರೂ ಗೊತ್ತಾಗುತ್ತದೆ" ಅನ್ನುವಷ್ಟು ವ್ಯತ್ಯಾಸ ಇರಲಿಲ್ಲ. ಆ ಮಾತು ವಾಪಸ್ ತಗೊಂಡೆ. ಫ್ಯಾನಿನ ಮಾತು ಮಾತ್ರ ಬಿಡುವುದಿಲ್ಲ. ಆ ಡೆಸ್ಕ್‌ಟಾಪ್ ಹತ್ತು ವರ್ಷದ ಧೂಳು ತಿಂದು ಗಿರಣಿ ಹಾಗೆ ಸದ್ದು ಮಾಡುತ್ತದೆ. ಆಲಾಪದ ಮೊದಲ ಎರಡು ನಿಮಿಷ ಅದರ ಕೆಳಗೇ ಹೂತುಹೋಗುತ್ತದೆ. ಅದನ್ನು ಬೇರೆ ಕೋಣೆಗೆ ಹಾಕಲೇಬೇಕು.

ನಿಜವಾದ ಭೂತ ಸಿಕ್ಕಿದ್ದು ಸಂಜೆ. ಕಾಕಾ ಮನೆಯ ಹಾಲ್ ಉದ್ದ 16 ಅಡಿ. ಸೋಫಾ ಹಿಂದಿನ ಗೋಡೆಗೆ ಅಂಟಿದೆ. ಹಾಡುವವರ ಶ್ರುತಿ ಕಪ್ಪು ಒಂದು (ಹಾರ್ಮೋನಿಯಂನ ಮೊದಲ ಕಪ್ಪು ಮನೆ) ಇದ್ದರೆ ತಂಬೂರಿಯ ಖರ್ಜದ, ಅಂದರೆ ಎಲ್ಲಕ್ಕಿಂತ ತಗ್ಗಿನ, ತಂತಿ ಸುಮಾರು 69 ಹರ್ಟ್ಸ್. 16 ಅಡಿಯ ಕೋಣೆ ತಾನಾಗಿಯೇ ಸುಮಾರು 35ಕ್ಕೆ, ಅದರ ಎರಡರಷ್ಟು 70ಕ್ಕೆ ಗುಂಗುಡುತ್ತದೆ. ಗೋಡೆಯ ಹತ್ತಿರ ಅದು ಅತಿ ಜಾಸ್ತಿ. ಖರ್ಜ ಬಾರಿಸಿದಾಗಲೆಲ್ಲ, ತಬಲಾ ಜೋಡಿಯ ದಪ್ಪ ಸದ್ದಿನ ಡಗ್ಗಾ ಬಿದ್ದಾಗಲೆಲ್ಲ ಕೋಣೆಯೇ ಹ್ಞೂಂ ಅನ್ನುತ್ತಿತ್ತು. ನಾಲ್ಕು ತಂತಿ ಎಣಿಸಲು ಹೇಗೆ ಬರಬೇಕು?

ಸೋಫಾವನ್ನು ಗೋಡೆಯಿಂದ ನಾಲ್ಕು ಅಡಿ ಮುಂದಕ್ಕೆ ಎಳೆದೆವು. 70 ಹರ್ಟ್ಸ್ ಅಲೆ ಸತ್ತುಹೋಗುವ ಜಾಗ ಅದು, ಉದ್ದದ ಕಾಲು ಭಾಗ. ಕಾಕಾ ಕೂತು ಒಂದು ನಿಮಿಷ ಮಾತಾಡಲಿಲ್ಲ. ಆಮೇಲೆ ಎದ್ದು ಹಿಂದೆ ಗೋಡೆಗೆ ಹೋಗಿ ನಿಂತರು, ಮತ್ತೆ ಬಂದು ಕೂತರು. ಮೂರು ಸಲ ಹೀಗೇ ಮಾಡಿದರು. ಇದಕ್ಕೆ ಪರದೆ, ನಾಣ್ಯ ಏನೂ ಬೇಕಾಗಲಿಲ್ಲ.

ಸಪ್ತಾಪುರ ತಂಬೂರಿ:

ಸೋಫಾ ಸರಿದ ಮೇಲೆ ಜವಾರಿ ಬಿಡಿಸಿಕೊಂಡು ಕೇಳಿತು, ಅದು ನಿಜ. ನೆಲ ನುಣುಪಿನ ಟೈಲ್ಸ್, ಒಂದು ಗೋಡೆ ಪೂರಾ ಗಾಜು. ಕಾಕು ಹತ್ತಿರ ನವಲಗುಂದದ ಜಮಖಾನ ಒಂದು ಟ್ರಂಕಿನಲ್ಲಿತ್ತು. ಅದನ್ನು ಹಾಸಿದೆವು. ಎರಡು ಕೌದಿ ಮಡಚಿ ಗಾಜಿನ ಮುಂದೆ ತೂಗುಹಾಕಿದೆವು. ಚಪ್ಪಾಳೆ ತಟ್ಟಿದರೆ ಬರುತ್ತಿದ್ದ ಟಿಣ್ ಅನ್ನುವ ಮಾರ್ದನಿ ಹೋಯಿತು. ಆಂಪ್ ಅಣ್ಣಾ ಹೇಳಿದರು, ಜಮಖಾನ ತೆಳು, ಮೇಲಿನ ಸ್ವರವನ್ನಷ್ಟೇ ಹೀರುತ್ತದೆ, ಖರ್ಜಕ್ಕೆ ಅದರಿಂದ ಏನೂ ಆಗದು ಎಂದು.

ಆದರೆ ಯಾರೂ ಕೇಳದ ಒಂದು ವಿಷಯ ಇದೆ. ಪರೀಕ್ಷೆಗೆ ಹಚ್ಚಿದ್ದು ಕಾಕಾ ಕ್ಯಾಸೆಟ್ಟಿನಿಂದ ಇಳಿಸಿದ ಒಂದು ಬೈಠಕ್. ನಾನು 16 ಸಲ ಯಾವ ಪೆಟ್ಟಿಗೆ ಎಂದು ಯೋಚಿಸುವ ಬದಲು ಶ್ರುತಿಯಲ್ಲೇ ಸಿಕ್ಕಿಬಿದ್ದಿದ್ದೆ. ಅದು ಕಪ್ಪು ಒಂದೂ ಅಲ್ಲ, ಬಿಳಿ ಎರಡೂ ಅಲ್ಲ, ನಡುವೆ ಎಲ್ಲೋ ಇದೆ. ಬೈಠಕ್‌ನಲ್ಲಿ ತಂಬೂರಿ ಹಾಗೇ ಕೂಡಿಸಿರಬಹುದು ಅಂದುಕೊಂಡೆ. ಅದೇ ಬೈಠಕ್ಕಿನ ಸಿಡಿ ಕಾಕಾ ಹತ್ತಿರ ಇತ್ತು. ಹಾರ್ಮೋನಿಯಂ ಇಟ್ಟು ನೋಡಿದೆ. ಸಿಡಿಯಲ್ಲಿ ಸರಿಯಾಗಿ ಕಪ್ಪು ಒಂದು. ಕಾಕಾನ ಕ್ಯಾಸೆಟ್ಟುಗಳೆಲ್ಲ ಹೀಗೇ ಏರಿವೆಯಾ?

ಮಾಳಮಡ್ಡಿ ಕಾಕಾ:

ಮೇಡಂ ಹೇಳಿದ ಮೇಲೆ ಇನ್ನೂ ಎರಡು ಕ್ಯಾಸೆಟ್ಟುಗಳನ್ನು ಸಿಡಿ ಜೊತೆ ಇಟ್ಟು ನೋಡಿದೆ. ಎರಡೂ ಏರಿವೆ. ಅಷ್ಟೇ ಅಲ್ಲ, ಸಿಡಿಯಲ್ಲಿ ತಂಬೂರಿ ಝೇಂ ಅನ್ನುತ್ತದೆ, ನನ್ನದರಲ್ಲಿ ಕಂಬಳಿ ಹೊದ್ದ ಹಾಗಿದೆ. ಅಂಗಡಿಯಲ್ಲಿ ಅವರು ಹಚ್ಚಿದ್ದು ಅವರದೇ ಹೊಸ ರೆಕಾರ್ಡಿಂಗ್ ಎಂದು ಈಗ ನೆನಪಾಗುತ್ತಿದೆ. 300 ಗಂಟೆ ಹೀಗೇ ಇಳಿಸಿದ್ದೇನೆ. ಎದೆ ಧಸಕ್ ಅಂದಿತು.

ಗದಗ ಹಳೇ ಟೇಪು:

ಮದುವೆ ಮುಗಿಸಿ ಈಗ ಓದಿದೆ. ಕಾಕಾ, ಇದು ನನ್ನ ಊಟ.

ಕ್ಯಾಸೆಟ್ ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. ಪಕ್ಕಪಕ್ಕದ ಎರಡು ಸ್ವರಗಳ ನಡುವೆ ಬಂದಿದೆ ಅಂದರೆ ನಿಮ್ಮ ಕ್ಯಾಸೆಟ್ ಡೆಕ್ ನೂರಕ್ಕೆ ಮೂರರಷ್ಟು ಜೋರಾಗಿ ಓಡಿದೆ. ಮೋಟಾರಿನ ಬೆನ್ನಿಗೆ ಸಣ್ಣ ತೂತು ಇರುತ್ತದೆ, ಒಳಗೆ ಒಂದು ತಿರುಗಣಿ. ಅಲ್ಲಿ ಸರಿ ಮಾಡಬಹುದು. ನನ್ನ ಹತ್ತಿರ 3,000 ಹರ್ಟ್ಸ್ ನಾದದ ಅಳತೆ ಕ್ಯಾಸೆಟ್ ಇದೆ.

ಕಂಬಳಿ ಹೊದ್ದ ಹಾಗಿರುವುದು ಟೇಪ್ ಓದುವ ಹೆಡ್ ವಾರೆಯಾಗಿರುವುದಕ್ಕೆ. ಇದಕ್ಕೆ ಅಜಿಮತ್ ಅನ್ನುತ್ತಾರೆ. ಟೇಪಿಗೆ ಹೆಡ್ಡಿನ ಸೀಳು ಸರಿಯಾಗಿ ಲಂಬವಾಗಿರಬೇಕು. ಒಂದು ಎಳೆ ವಾರೆಯಾದರೂ ಮೇಲಿನ ಸ್ವರವೆಲ್ಲ ಮಾಯ. ಜವಾರಿ ಇರುವುದೇ ಅಲ್ಲಿ. ಹೆಡ್ಡಿನ ಒಂದು ಪಕ್ಕದ ಸ್ಕ್ರೂಗೆ ಸ್ಪ್ರಿಂಗ್ ಇರುತ್ತದೆ, ಅದರ ಮೇಲೆ ಬಣ್ಣದ ಹನಿ. ಕ್ಯಾಸೆಟ್ ಓಡುತ್ತಿರುವಾಗ ಅದನ್ನು ಸ್ವಲ್ಪ ಸ್ವಲ್ಪ ತಿರುಗಿಸಬೇಕು. ಕಾಲು ಸುತ್ತೂ ಬೇಕಾಗುವುದಿಲ್ಲ. ಝೇಂ ಅಂದ ಕಡೆ ನಿಲ್ಲಿಸುವುದು. ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಆ ಜಾಗ ಬೇರೆ, ಬೇರೆ ಬೇರೆ ಮಷಿನ್ನಿನಲ್ಲಿ ರೆಕಾರ್ಡ್ ಆದದ್ದಲ್ವಾ.

ಓಟದ ತಪ್ಪನ್ನು ಕೋಡರ್ ಅವರು ಕಂಪ್ಯೂಟರಿನಲ್ಲೇ ತಿದ್ದಬಹುದು. ಅಜಿಮತ್ ಹಾಗಲ್ಲ. ಹೋದ ಸ್ವರ ಫೈಲಿನಲ್ಲಿ ಇಲ್ಲವೇ ಇಲ್ಲ. ಮತ್ತೆ ಇಳಿಸಲೇಬೇಕು. ಕ್ಯಾಸೆಟ್ ಎಸೆದಿಲ್ಲ ತಾನೇ?

ಮಾಳಮಡ್ಡಿ ಕಾಕಾ:

ಎಸೆದಿಲ್ಲ. ಬಿಸ್ಕತ್ ಡಬ್ಬಿಗಳಲ್ಲಿ ತುಂಬಿ ಅಟ್ಟದ ಮೇಲಿಟ್ಟಿದ್ದೇನೆ.

ಕೇಶ್ವಾಪುರ ಕೋಡರ್:

ಅಬ್ಬಾ. ಕಾಕಾ, ಹೊಸದಾಗಿ ಇಳಿಸುವಾಗ 24 ಬಿಟ್ ಇಡಿ, ಆಮೇಲೆ ತಿದ್ದಲು ಜಾಗ ಇರುತ್ತದೆ. ಕೇಳುವುದಕ್ಕೆ 16 ಬಿಟ್ಟೇ ಧಾರಾಳ, 96 ಡೆಸಿಬೆಲ್ ಹರವು ಇದೆ. ಕ್ಯಾಸೆಟ್ಟಿನ ಹಿಸ್ ಅನ್ನುವ ಸದ್ದು 16 ಬಿಟ್ಟಿನ ತಳದ ಗದ್ದಲಕ್ಕಿಂತ ಎಷ್ಟೋ ಮೇಲೆ.

ಮಲಪ್ರಭಾ ದಂಡೆ:

ತಡವಾಗಿ ಬಂದೆ. ಸಿಡಿಗಿಂತ ಹೆಚ್ಚು ಮಾದರಿ ಇರುವ 192 ಕಿಲೋಹರ್ಟ್ಸ್ ಹೈ ರೆಸ್ ಫೈಲುಗಳಿಗೆ ದೊಡ್ಡ ಸರ್ವರ್ ಬೇಕಲ್ವಾ? ಅವು ನಿಜವಾಗಿಯೂ ಚೆನ್ನಾಗಿರುತ್ತವಾ?

ಕೇಶ್ವಾಪುರ ಕೋಡರ್:

ಸರ್ವರ್ ಬೇಕಿಲ್ಲ, ರಾಸ್ಪ್‌ಬೆರಿ ಪೈ ಎನ್ನುವ ಅಂಗೈಯಗಲದ ಕಂಪ್ಯೂಟರ್ ಸಾಕು. ಅದರಲ್ಲಿ ವಾಲ್ಯೂಮಿಯೋ ಅಥವಾ ಮೂಡ್ ಎನ್ನುವ ಹಾಡಿನ ಸಾಫ್ಟ್‌ವೇರ್ ಹಾಕಿಕೊಳ್ಳಿ. ಕೇಳಿಸುವ ವಿಷಯಕ್ಕೆ ಬಂದರೆ, ಆಡಿಯೋ ಎಂಜಿನಿಯರಿಂಗ್ ಸೊಸೈಟಿಯ ಪತ್ರಿಕೆಯಲ್ಲಿ 2007ರಲ್ಲಿ ಬಂದ, ಹೈ ರೆಸ್ಸಿಗೂ ಸಿಡಿ ಮಟ್ಟಕ್ಕೂ ಫರಕ್ ಕೇಳುತ್ತದಾ ಎಂದು ನೋಡಿದ ಒಂದು ಪರೀಕ್ಷೆಯಲ್ಲಿ 554 ಸಲ ಕೇಳಿಸಿದರೆ 276 ಸಲ ಸರಿ ಉತ್ತರ. ನಾಣ್ಯ ಚಿಮ್ಮಿದಷ್ಟೇ. 2016ರಲ್ಲಿ ಅದೇ ಪತ್ರಿಕೆಯಲ್ಲಿ ಹಲವು ಪರೀಕ್ಷೆ ಒಟ್ಟುಗೂಡಿಸಿ ನೋಡಿದಾಗ ನೂರಕ್ಕೆ 52.3 ಬಂತು. ಏನೋ ಸ್ವಲ್ಪ ಇದೆ ಅನ್ನಬಹುದು. ಪ್ರೊಸೆಸರ್ ನಿಜಕ್ಕೂ ದುಡಿಯುವುದು ಕೋಣೆಯ ದೋಷವನ್ನು ಫಿಲ್ಟರ್ ಹಾಕಿ ತಿದ್ದುವಾಗ. ಅದಕ್ಕೂ ಹಳೇ ಡೆಸ್ಕ್‌ಟಾಪ್ ಸಾಲುತ್ತದೆ.

ಹಾವೇರಿ ಏಲಕ್ಕಿ:

ಕಾಕಾ, ಹಾಗಾದರೆ ಪೆಟ್ಟಿಗೆ?

ಮಾಳಮಡ್ಡಿ ಕಾಕಾ:

ನಿನ್ನೆ ವಾಪಸ್ ಕೊಟ್ಟು ಬಂದೆ. ಅಂಗಡಿಯವರು ಮುಖ ಸಪ್ಪೆ ಮಾಡಿದರೂ ದುಡ್ಡು ಕೊಟ್ಟರು. ಹಳೇ ಡೆಸ್ಕ್‌ಟಾಪ್ ಈಗ ಮಲಗುವ ಕೋಣೆಯಲ್ಲಿದೆ, ಐದು ಮೀಟರ್ ಯುಎಸ್‌ಬಿ ವೈರ್ ಗೋಡೆ ತೂತಿನಿಂದ ಬರುತ್ತದೆ. ಹಾಲ್‌ನಲ್ಲಿ ಸದ್ದಿಲ್ಲ. ಮನೆಯವಳು ಸೋಫಾ ನಡುಮನೆಗೆ ಬಂದಿದ್ದಕ್ಕೆ ಮಾತ್ರ ಇನ್ನೂ ಒಪ್ಪಿಲ್ಲ. ಅತಿಥಿಗಳು ಬಂದಾಗ ಗೋಡೆಗೆ, ಉಳಿದ ದಿನ ನಾಲ್ಕು ಅಡಿ ಮುಂದೆ ಎಂದು ಒಪ್ಪಂದ ಆಗಿದೆ.

ಟೇಪು ಅವರೇ, ಯಾವಾಗ ಬರುತ್ತೀರಿ? ಡೆಕ್ ಅಟ್ಟದಿಂದ ಇಳಿಸಿದ್ದೇನೆ. ಸಣ್ಣ ಸ್ಕ್ರೂಡ್ರೈವರ್ ನನ್ನ ಹತ್ತಿರವೇ ಇದೆ, ಮಗನ ಕಂಪ್ಯೂಟರ್ ಸೆಟ್ಟಿನದ್ದು. ಭಾಳ ಚಲೋ ಇದೆ, ಸ್ಕ್ರೂ ತುದಿಗೆ ಅಂಟಿಕೊಂಡೇ ಬರುತ್ತದೆ.

ಗದಗ ಹಳೇ ಟೇಪು:

ಅಂಟಿಕೊಂಡು ಬರುತ್ತದೆಯಾ? ಅಂದರೆ ಮ್ಯಾಗ್ನೆಟ್, ಟೇಪಿನ ಹಾಡನ್ನೇ ಕೆಡಿಸಬಹುದು. ಅದನ್ನು ಹೆಡ್ಡಿನ ಹತ್ತಿರ ಒಯ್ಯಲೇಬೇಡಿ, ಕ್ಯಾಸೆಟ್ ಡಬ್ಬಿಗಳ ಮೇಲೂ ಇಡಬೇಡಿ. ನಂದು ತರುತ್ತೇನೆ. ಭಾನುವಾರ ಗದಗಿನಿಂದ 8 ಗಂಟೆ ಬಸ್ಸು ಹಿಡಿಯುತ್ತೇನೆ. ನಾನು ಬರುವವರೆಗೆ ಏನೂ ಮುಟ್ಟಬೇಡಿ ಕಾಕಾ.